ಏಳಬ್ಯಾಡ್ರಿ, ಅಲ್ಲೇ ಕುಂದರ್ರಿ!

ಮ್ಯಾಚ್ ಇದ್ದ ದಿನ ನಿಮ್ಮ ಮನೆಯಲ್ಲಿ ಎಷ್ಟು ಸಲ ಚಹಾ ಆಗುತ್ತದೆ ಎಂದು ಯಾವತ್ತಾದರೂ ಲೆಕ್ಕ ಹಾಕಿದ್ದೀರಾ? ಟಾಸ್‌ಗೊಂದು, ಮೊದಲ ವಿಕೆಟ್‌ಗೊಂದು, ನಡುವಿನ ವಿರಾಮಕ್ಕೊಂದು, ಗೆದ್ದರೆ ಖುಷಿಗೊಂದು, ಸೋತರೆ ತಲೆನೋವಿಗೊಂದು. ಅಷ್ಟೂ ಸಲ ಅಡುಗೆಮನೆಗೆ ಎದ್ದು ಹೋದವರು ಯಾರು? ನೀವೇ ಅಲ್ಲವೇ? ನೀವು ಒಳಗಿದ್ದಾಗಲೇ ಸಿಕ್ಸರ್ ಹೋಗಿರುತ್ತದೆ. ಟ್ರೇ ಹಿಡಿದು ಹೊರಗೆ ಕಾಲಿಟ್ಟ ಕ್ಷಣಕ್ಕೇ ಯಾರೋ ಒಬ್ಬ ಔಟ್! ಆಮೇಲೆ ಮನೆಮಂದಿಯ ಕಣ್ಣೆಲ್ಲ ನಿಮ್ಮ ಮೇಲೆ. "ನೀ ಬಂದಿ ನೋಡ್, ವಿಕೆಟ್ ಬಿತ್ತು!"

ಈ ಮಾತು ಕೇಳದ ಗೃಹಿಣಿ ನಮ್ಮ ಕಡೆ ಸಿಗುವುದು ಕಷ್ಟ. ನಮ್ಮ ಕಡೆ ಅಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ. ಅಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಹುಬ್ಬಳ್ಳಿ, ಬೆಳಗಾವಿ, ಪುಣೆ, ಬೆಂಗಳೂರಿನ ಫ್ಲ್ಯಾಟ್‌ಗಳನ್ನು ಸೇರಿದ ನಮ್ಮಂಥವರಿಗೆ ತವರು ನೆನಪಾಗುವುದು ಜಾತ್ರೆ, ಹಬ್ಬ, ಶೇಂಗಾ ಹೋಳಿಗೆಯಿಂದ ಮಾತ್ರವಲ್ಲ. ಪಡಸಾಲೆಯಲ್ಲಿ ಹಾಸಿದ ಜಮಖಾನೆ, ಅದರ ಮೇಲೆ ಒತ್ತೊತ್ತಾಗಿ ಕೂತ ಓಣಿಯ ಮಂದಿ, ಎದುರಿಗೆ ಗುರುಗುಟ್ಟುವ ಟಿ.ವಿ. ಇವೂ ನೆನಪಾಗುತ್ತವೆ. ಕ್ರಿಕೆಟ್ ಗಂಡಸರ ಹುಚ್ಚು ಎಂದು ಎಲ್ಲರೂ ಹೇಳುತ್ತಾರೆ. ಆದರೆ ನಿಮ್ಮ ನೆನಪಿನ ಪೆಟ್ಟಿಗೆಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ನಿಮ್ಮದೂ ಒಂದು ಪಾಲು ಇದ್ದೇ ಇರುತ್ತದೆ.

ರೇಡಿಯೊ ಕಾಲದ ಮಡಿ

ನಿಮ್ಮ ತಾಯಿಯನ್ನೋ ಅತ್ತೆಯನ್ನೋ ಕೇಳಿ ನೋಡಿ. ಅವರ ಕಾಲದ ಕ್ರಿಕೆಟ್ ಕಣ್ಣಿನದಲ್ಲ, ಕಿವಿಯದು. ಗೋಡೆಯ ಮಾಡಿನಲ್ಲಿ ಕ್ರೋಶಾ ಹಾಕಿದ ಬಟ್ಟೆ ಹೊದ್ದು ಕೂತ ರೇಡಿಯೊ. ಬೆಳಗಾದರೆ ಧಾರವಾಡ ಆಕಾಶವಾಣಿಯ ವಾರ್ತೆ, ಹಾಡು. ಮ್ಯಾಚ್ ದಿನ ಮಾತ್ರ ಮುಳ್ಳು ತಿರುಗಿ ಇಂಗ್ಲಿಷ್, ಹಿಂದಿ ಕಾಮೆಂಟರಿ. ಭಾಷೆ ಪೂರ್ತಿ ತಿಳಿಯದಿದ್ದರೂ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಕ್ಕಳಿಗೆ ಸುದ್ದಿ ತಿಳಿಯುತ್ತಿತ್ತು. ಜನರ ಗದ್ದಲ ಏರಿದರೆ ಬೌಂಡರಿ, ಗಕ್ಕನೆ ನಿಂತರೆ ವಿಕೆಟ್! ರೊಟ್ಟಿಯ ಸಪ್ಪಳವೂ ಅದಕ್ಕೆ ತಕ್ಕಂತೆ ಏರಿಳಿಯುತ್ತಿತ್ತಂತೆ.

1983ರ ವಿಶ್ವಕಪ್ ನೆನೆಸಿಕೊಳ್ಳಿ. ಜೂನ್ 18ರಂದು ಜಿಂಬಾಬ್ವೆ ವಿರುದ್ಧ 17 ರನ್ನಿಗೆ 5 ವಿಕೆಟ್ ಬಿದ್ದಾಗ ಕಪಿಲ್ ದೇವ್ ಔಟಾಗದೆ 175 ಹೊಡೆದರಲ್ಲ, ಆ ಆಟವನ್ನು ಟಿ.ವಿ.ಯಲ್ಲಿ ಯಾರೂ ನೋಡಲೇ ಇಲ್ಲ. ಅವತ್ತು ಅಲ್ಲಿ ಕ್ಯಾಮೆರಾ ಇರಲಿಲ್ಲ. ಆ ಕಡೆ ತುದಿಯಲ್ಲಿ ಗಟ್ಟಿಯಾಗಿ ನಿಂತವರು ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿ. ಮುರಿಯದ ಒಂಬತ್ತನೇ ವಿಕೆಟ್‌ಗೆ ಇಬ್ಬರೂ ಸೇರಿಸಿದ್ದು 126 ರನ್. ಅದರಲ್ಲಿ ಕಿರ್ಮಾನಿ ಅವರದು ಬರೀ 24. ಆದರೂ ಆ 24 ಇಲ್ಲದೆ ಆ 175 ಇಲ್ಲ. ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಒಂದು ತುದಿ ಕಾಯುವವರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ, ಅಲ್ಲವೇ?

ಜೂನ್ 25ರಂದು ಲಾರ್ಡ್ಸ್‌ನಲ್ಲಿ 183 ರನ್ ಮಾಡಿಯೂ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿ ಕಪ್ ಗೆದ್ದೆವು. ಆ ಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, ಅಂದರೆ 18 ವಿಕೆಟ್ ತೆಗೆದವರು ಬೆಂಗಳೂರಿನ ರೋಜರ್ ಬಿನ್ನಿ. ಆಗಿನವರಿಗೆ ಇದೆಲ್ಲ ಕೇಳಿದ್ದು, ಮರುದಿನ ಪೇಪರಿನಲ್ಲಿ ಓದಿದ್ದು ಅಷ್ಟೇ. ಆದರೂ ಕಣ್ಣಾರೆ ಕಂಡವರಂತೆ ಹೇಳುತ್ತಾರೆ!

ಟ್ರ್ಯಾಕ್ಟರ್ ಬ್ಯಾಟರಿ, ಟೆರೇಸಿನ ಆ್ಯಂಟೆನಾ

ಆಮೇಲೆ ಓಣಿಗೊಂದು ಟಿ.ವಿ. ಬಂತು. ಟಿ.ವಿ. ಇದ್ದ ಮನೆಯವರಿಗೆ ಮ್ಯಾಚ್ ದಿನ ಮದುವೆ ಮನೆಯ ಸಡಗರ. ಗಂಡಸರು ಮುಂದೆ, ಹುಡುಗರು ಅವರ ತೊಡೆಯ ಮೇಲೆ, ಹೆಣ್ಣುಮಕ್ಕಳು ಹೊಸ್ತಿಲ ಹತ್ತಿರ. ಕೈಯಲ್ಲಿ ಮೊರ, ಮೊರದಲ್ಲಿ ಜೋಳ ಇಲ್ಲವೇ ಸುಲಿಯುವ ಶೇಂಗಾ. ನೋಡುವುದಕ್ಕೂ ಏನಾದರೊಂದು ಕೆಲಸದ ನೆವ ಬೇಕಿತ್ತು ನೋಡಿ! ಬರಿಗೈಯಲ್ಲಿ ಕೂತರೆ "ಕೆಲಸ ಇಲ್ಲೇನು?" ಎಂಬ ಮಾತು ಬರುತ್ತಿತ್ತು.

ಕರೆಂಟ್ ಕೈಕೊಟ್ಟರೆ ಯಾರದೋ ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತರುತ್ತಿದ್ದರು. ಗಾಳಿ ಬೀಸಿದರೆ ಒಬ್ಬ ಹುಡುಗ ಮಾಳಿಗೆಯ ಮೇಲೆ ಆ್ಯಂಟೆನಾ ಹಿಡಿದು ನಿಲ್ಲಬೇಕು. "ಬಂತೇನೋ?" "ಬಂತು, ಬಂತು... ಹೋತು!" ಆ ಹುಡುಗನಿಗೆ ಇಡೀ ಮ್ಯಾಚ್‌ನಲ್ಲಿ ಒಂದು ಬಾಲ್ ಕೂಡ ಕಾಣುತ್ತಿರಲಿಲ್ಲ. ಆದರೆ ಗೆದ್ದ ಮೇಲೆ ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದವನೂ ಅವನೇ.

ಇನ್ನು ನೇಮಗಳೋ, ಕೇಳಬೇಡಿ. ಟಿ.ವಿ.ಗೆ ಊದಿನಕಡ್ಡಿ. ಸವದತ್ತಿ ಎಲ್ಲಮ್ಮನ ಗುಡ್ಡದಿಂದ ತಂದ ಭಂಡಾರ ಅದರ ಮೂಲೆಗೊಂದಿಷ್ಟು. ರಾಮದುರ್ಗದ ಕಡೆಯವರಾದರೆ ಗೊಡಚಿ ವೀರಭದ್ರನಿಗೆ ಕಾಯಿ. ಹಿಂದಿನ ಸಲ ಗೆದ್ದಾಗ ತೊಟ್ಟಿದ್ದ ಅಂಗಿ ತೊಳೆಯುವಂತಿಲ್ಲ. ಜೊತೆಯಾಟ ನಿಂತಿದೆಯೆಂದರೆ ಯಾರೂ ಜಾಗ ಬಿಟ್ಟು ಏಳುವಂತಿಲ್ಲ. ಕಾಲು ಜೋಮು ಹಿಡಿದರೂ ಸರಿ, ಕೂಸು ಅತ್ತರೂ ಸರಿ, "ಏಳಬ್ಯಾಡ್ರಿ, ಅಲ್ಲೇ ಕುಂದರ್ರಿ!"

ಇದು ನಮ್ಮ ಹಳ್ಳಿ ಮಂದಿಯ ಮೂಢತನ ಎಂದುಕೊಳ್ಳಬೇಡಿ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟ ಇದೆಯಲ್ಲ, ಅಲ್ಲಿಯ ಅಭಿಮಾನಿಗಳು ತಮ್ಮ ತಂಡ ಹಿಂದೆ ಬಿದ್ದರೆ ತಲೆಯ ಟೋಪಿಯನ್ನು ಒಳಹೊರಗು ಮಾಡಿ ಹಾಕಿಕೊಳ್ಳುತ್ತಾರೆ. ಏಳನೇ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ನಿಂತು ಮೈಮುರಿದು ಹಾಡುತ್ತಾರೆ. ಅವರದು ಏಳುವ ನೇಮ, ನಮ್ಮದು ಏಳದ ನೇಮ. ಅಷ್ಟೇ ವ್ಯತ್ಯಾಸ! ನಮ್ಮ ಕೈಯಲ್ಲಿ ಇಲ್ಲದ ಆಟಕ್ಕೆ ನಾವೂ ಒಂದು ಕೈ ಹಚ್ಚಿದೆವು ಎಂಬ ಸಮಾಧಾನ ಮನುಷ್ಯನಿಗೆ ಎಲ್ಲ ಕಡೆಯೂ ಬೇಕು.

ಬೆಂಗಳೂರಿನ ಆ ರಾತ್ರಿ

ಆಗ ಮ್ಯಾಚ್ ನೋಡಿದವರಿಗೆ 1996 ಮರೆಯಲಾಗದ ವರ್ಷ. ಮಾರ್ಚ್ 9ರಂದು ಬೆಂಗಳೂರಿನಲ್ಲಿ ಪಾಕಿಸ್ತಾನದ ಅಮೀರ್ ಸೊಹೈಲ್ ಬ್ಯಾಟ್ ತೋರಿಸಿ ಕೆಣಕಿದ್ದು, ಮರು ಎಸೆತದಲ್ಲೇ ವೆಂಕಟೇಶ್ ಪ್ರಸಾದ್ ಅವರ ಸ್ಟಂಪ್ ಹಾರಿಸಿದ್ದು ಯಾರಿಗೆ ನೆನಪಿಲ್ಲ? ನಾಲ್ಕೇ ದಿನಕ್ಕೆ, ಮಾರ್ಚ್ 13ರಂದು, ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ಶ್ರೀಲಂಕಾ ಎದುರು ವಿಕೆಟ್‌ಗಳು ಉದುರಿ, ಪ್ರೇಕ್ಷಕರ ಗಲಾಟೆಗೆ ಆಟವೇ ನಿಂತುಹೋಯಿತು. ಅವತ್ತು ಎಷ್ಟೋ ಮನೆಗಳಲ್ಲಿ ರಾತ್ರಿಯ ಅನ್ನ ಹಾಗೇ ಉಳಿಯಿತು.

ಅದೇ ವರ್ಷ ಅಕ್ಟೋಬರ್ 21. ದಸರೆಯ ದಿನಗಳು. ಬೆಂಗಳೂರಿನಲ್ಲಿ ಟೈಟನ್ ಕಪ್, ಎದುರಾಳಿ ಆಸ್ಟ್ರೇಲಿಯಾ. ಗೆಲ್ಲಲು 216 ಬೇಕು. 88 ಹೊಡೆದಿದ್ದ ಸಚಿನ್ ಎಂಟನೆಯವರಾಗಿ ಔಟಾದಾಗ ಸ್ಕೋರು 164. "ಮುಗೀತು" ಎಂದು ಅನೇಕರು ಟಿ.ವಿ. ಆರಿಸಿಬಿಟ್ಟರು. ಆರಿಸದೆ ಕೂತವರು ಮಾತ್ರ ಜೀವಮಾನಕ್ಕೆ ಆಗುವಷ್ಟು ಕಂಡರು. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ಅನಿಲ್ ಕುಂಬ್ಳೆ ಇಬ್ಬರೂ ಬೌಲರುಗಳು. ಬ್ಯಾಟು ಹಿಡಿದು ಮುರಿಯದ 52 ರನ್ ಸೇರಿಸಿ ಗೆಲ್ಲಿಸಿಯೇ ಬಂದರು.

ಆದರೆ ಆ ರಾತ್ರಿ ಹೆಣ್ಣುಮಕ್ಕಳ ನೆನಪಿನಲ್ಲಿ ಉಳಿದದ್ದು ಬರೀ ರನ್ ಅಲ್ಲ. ಪ್ರೇಕ್ಷಕರ ನಡುವೆ ಕುಂಬ್ಳೆ ಅವರ ತಾಯಿ ಕೂತಿದ್ದರು. ಕ್ಯಾಮೆರಾ ಆಗಾಗ ಅವರತ್ತ ತಿರುಗುತ್ತಿತ್ತು. ಮಗ ಪರೀಕ್ಷೆಗೆ ಕೂತಾಗ ಹೊರಗೆ ಕಾಯುವ ತಾಯಿಯ ಮುಖವೇ ಅದು. ಸ್ಕೋರು ತಿಳಿಯದವರಿಗೂ ಆ ಮುಖ ತಿಳಿಯಿತು. ಆಟದ ಒಳಗೆ ನಮ್ಮಂಥ ಒಂದು ಜೀವವೂ ಇದೆ ಎಂದು ಅವತ್ತು ಹೊಸ್ತಿಲಿನಿಂದ ಜಮಖಾನೆಗೆ ಸರಿದು ಕೂತವರು ಎಷ್ಟೋ.

ಪಕ್ಕದ ಊರಿನ ಹುಡುಗ

ನಮ್ಮ ಭಾಗದವರಿಗೆ ಇನ್ನೊಂದು ಹೆಮ್ಮೆ ಇತ್ತು, ಸುನಿಲ್ ಜೋಶಿ. ರಾಮದುರ್ಗ, ಸವದತ್ತಿಗೆ ಗದಗ ದೂರದ ಊರೇನಲ್ಲ. ಆ ಗದಗಿನಿಂದ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿಗೆ ಅಭ್ಯಾಸಕ್ಕೆಂದು ಹೋಗಿ ಬರುತ್ತಿದ್ದ ಹುಡುಗ 1996ರಲ್ಲಿ ಭಾರತದ ಟೆಸ್ಟ್ ತಂಡ ಸೇರಿದ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್! ಸಾಹುಕಾರರ ಅಂಗಡಿಯ ಲೆಕ್ಕ ಪುಸ್ತಕದಂಥ ಈ ಅಂಕಿಯನ್ನು ನಮ್ಮ ಕಡೆಯ ಹುಡುಗರು ಮಗ್ಗಿಯಂತೆ ಬಾಯಿಪಾಠ ಮಾಡಿದ್ದರು. ಕ್ರಿಕೆಟ್ ಅಂದರೆ ಬೆಂಗಳೂರು, ಮುಂಬೈನವರ ಆಸ್ತಿ ಅಂದುಕೊಂಡಿದ್ದ ತಾಯಂದಿರು ಅಂದಿನಿಂದ ಮಕ್ಕಳ ಬ್ಯಾಟನ್ನು ಒಲೆಗೆ ಹಾಕುವ ಬೆದರಿಕೆ ನಿಲ್ಲಿಸಿದರು!

ತಮಾಷೆಯ ಮಾತು, ಒಳಗಿನ ಮುಳ್ಳು

ಈಗ ಸ್ವಲ್ಪ ಗಂಭೀರವಾಗಿ ಮಾತಾಡೋಣ. "ನೀ ಬಂದಿ, ವಿಕೆಟ್ ಬಿತ್ತು" ಎಂಬುದು ತಮಾಷೆಯ ಮಾತೇ. ಆದರೆ ಈ ತಮಾಷೆ ಯಾವಾಗಲೂ ಯಾರ ಮೇಲೆ ಬೀಳುತ್ತದೆ, ಗಮನಿಸಿದ್ದೀರಾ? ಮನೆಯ ಯಜಮಾನರು ಎದ್ದು ಹೊರಗೆ ಹೋಗಿ ಬಂದಾಗ ವಿಕೆಟ್ ಬಿದ್ದರೆ ಅದು ಬೌಲರಿನ ಚಳಕ. ನೀವು ಬಂದಾಗ ಬಿದ್ದರೆ ನಿಮ್ಮ ಕಾಲ್ಗುಣ! ಹೊಸ ಸೊಸೆಗೆ, ಹೆಣ್ಣುಕೂಸಿಗೆ ಅನ್ನುವ ಹಳೆಯ ಮಾತೇ ಇಲ್ಲಿ ಕ್ರಿಕೆಟ್ಟಿನ ಅಂಗಿ ತೊಟ್ಟು ಬಂದಿದೆ.

ಇನ್ನೂ ಒಂದು. 2003ರ ಮಾರ್ಚ್ 23ರ ಭಾನುವಾರ ವಿಶ್ವಕಪ್ ಫೈನಲ್. ಪರೀಕ್ಷೆಯ ಕಾಲ. ಗಂಡುಮಕ್ಕಳಿಗೆ "ಇವತ್ತೊಂದಿನ ನೋಡ್ಲಿ ಬಿಡು" ಎಂಬ ರಿಯಾಯಿತಿ. ಹೆಣ್ಣುಮಕ್ಕಳಿಗೆ "ನಿನಗ್ಯಾಕ ಮ್ಯಾಚ್? ಓದ್ಕೊ, ಇಲ್ಲಾ ಬಂದು ಒಗ್ಗರಣೆ ಹಾಕು." ಆಸ್ಟ್ರೇಲಿಯಾ 359 ಹೊಡೆದು ನಾವು 125 ರನ್ನಿನಿಂದ ಸೋತೆವು. ಅದರ ದುಃಖವನ್ನೂ ನಾವು ಬಾಗಿಲ ಸಂದಿಯಿಂದಲೇ ಪಡಬೇಕಾಯಿತು. ಆ ದಿನ ಪುಸ್ತಕದ ಮೇಲೆ ಕಣ್ಣು, ಟಿ.ವಿ. ಮೇಲೆ ಕಿವಿ ಇಟ್ಟಿದ್ದ ಹುಡುಗಿಯರು ಇಂದು ಈ ಪುಟ ಓದುತ್ತಿದ್ದೀರಿ. ಹೌದೋ ಅಲ್ಲವೋ?

2011ರ ಏಪ್ರಿಲ್ 2ರ ಹೊತ್ತಿಗೆ ಕಾಲ ಕೊಂಚ ಬದಲಾಗಿತ್ತು. ಯುಗಾದಿಗೆ ಎರಡೇ ದಿನ. ಮುಂಬೈಯಲ್ಲಿ ಧೋನಿ ಸಿಕ್ಸರ್ ಹೊಡೆದು ಕಪ್ ಗೆದ್ದಾಗ ಹಾಸ್ಟೆಲಿನ ಹುಡುಗಿಯರು ತಾಟು ಬಡಿದು ಕುಣಿದರು. ಏಳು ಎನ್ನುವವರು ಯಾರೂ ಇರಲಿಲ್ಲ. ಚಹಾ ಬೇಕಾದವರು ತಾವೇ ಮಾಡಿಕೊಂಡರು. ಮದುವೆಯಾದ ಮೇಲೆ ಅದೇ ಹುಡುಗಿಯರು ಮತ್ತೆ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಆಟ ಗೊತ್ತಿಲ್ಲವೆಂದಲ್ಲ, ಕೂರಲು ಪುರಸೊತ್ತು ಇಲ್ಲ.

ನಮ್ಮ ಆಟ ಇದ್ದೇ ಇತ್ತು

ನಿಮಗೆ ಗೊತ್ತೇ? 1976ರಲ್ಲಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಆಡಿದ್ದು ಬೆಂಗಳೂರಿನಲ್ಲಿ, ವೆಸ್ಟ್ ಇಂಡೀಸ್ ವಿರುದ್ಧ. ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. ಅದೇ ವರ್ಷ ಪಟ್ನಾದಲ್ಲಿ ಮೊದಲ ಟೆಸ್ಟ್ ಗೆಲುವೂ ಸಿಕ್ಕಿತು. ಅದಕ್ಕೂ ಏಳು ವರ್ಷ ಮೊದಲೇ, 1969ರಲ್ಲಿ, ನಮ್ಮ ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ರಾಣಿ ಚನ್ನಮ್ಮನ ಹೆಸರಿನ ವಸತಿ ಸೈನಿಕ ಶಾಲೆ ತೆರೆದಿತ್ತು. ಅಂದರೆ ಹೆಣ್ಣುಮಕ್ಕಳು ಮೈದಾನಕ್ಕೆ ಇಳಿಯುವುದು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ಟಿ.ವಿ.ಗಳು ಮಾತ್ರ ಅವರನ್ನು ತಡವಾಗಿ ತೋರಿಸಿದವು.

2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ ವಿಜಯಪುರದ ರಾಜೇಶ್ವರಿ ಗಾಯಕವಾಡ್ ಬರೀ 15 ರನ್ ಕೊಟ್ಟು ನ್ಯೂಜಿಲೆಂಡಿನ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್‌ಗೆ ದಾಟಿಸಿದರು. ಜುಲೈ 23ರ ಫೈನಲ್‌ನಲ್ಲಿ ಅವರ ಜೊತೆ ಕಡೂರಿನ ವೇದಾ ಕೃಷ್ಣಮೂರ್ತಿ ಕೂಡ ಆಡಿದರು. 9 ರನ್ನಿನಿಂದ ಸೋತೆವು. ಆದರೆ ಅವತ್ತು ಮೊದಲ ಸಲ ಎಷ್ಟೋ ಅಪ್ಪಂದಿರು ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮ್ಯಾಚ್ ನೋಡಿದರು. 2024ರ ಮಾರ್ಚ್ 17ರಂದು ಆರ್‌ಸಿಬಿ ಎಂಬ ಹೆಸರಿಗೆ ಮೊಟ್ಟಮೊದಲ ಕಪ್ ತಂದವರು ಯಾರು? ಸ್ಮೃತಿ ಮಂದಾನ ನಾಯಕತ್ವದ ಹೆಣ್ಣುಮಕ್ಕಳು! ಸ್ಮೃತಿ ಬೆಳೆದದ್ದು ನಮ್ಮ ಗಡಿಯಾಚೆಯ ಸಾಂಗ್ಲಿಯಲ್ಲಿ. ಆ ಫೈನಲ್‌ನಲ್ಲಿ 12 ರನ್ನಿಗೆ 4 ವಿಕೆಟ್ ತೆಗೆದವರು ಕನ್ನಡತಿ ಶ್ರೇಯಾಂಕಾ ಪಾಟೀಲ. ಗಂಡಸರ ತಂಡ ಕಪ್ ಎತ್ತಿದ್ದು ಮರುವರ್ಷ, 2025ರ ಜೂನ್ 3ರಂದು. ಅದೇ 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ಪನ್ನೇ ಗೆದ್ದರು. ಇನ್ನು "ನಿನಗ್ಯಾಕ ಮ್ಯಾಚ್?" ಎಂದು ಯಾವ ಮಗಳನ್ನು ಕೇಳುವುದು?

ಹೀಗೆ ಮಾಡಿ ನೋಡಿ

ಹಳೆಯ ನೆನಪೂ ಉಳಿಯಬೇಕು, ಮನೆಯ ನೆಮ್ಮದಿಯೂ ಉಳಿಯಬೇಕು. ಅದಕ್ಕೆ ಕೆಲವು ಉಪಾಯಗಳು:

* ಮ್ಯಾಚ್ ದಿನದ ಕೆಲಸ ಮೊದಲೇ ಮುಗಿಸಿ. ಚಹಾ ಮಾಡಿ ಥರ್ಮಾಸಿಗೆ ಹಾಕಿ, ಲೋಟ ಪಕ್ಕಕ್ಕಿಡಿ, ಬೇಕಾದವರು ಬಗ್ಗಿಸಿಕೊಳ್ಳಲಿ. ತಿನ್ನಲು ಒಗ್ಗರಣೆ ಚುರಮುರಿ ಸಾಕು. ಎಣ್ಣೆಯಲ್ಲಿ ಸಾಸಿವೆ, ಶೇಂಗಾ, ಬಳ್ಳೊಳ್ಳಿ, ಕರಿಬೇವು, ಹಸಿಮೆಣಸಿನಕಾಯಿ, ಅರಿಶಿನ ಹಾಕಿ ಬಾಡಿಸಿ, ಒಲೆ ಆರಿಸಿ ಚುರಮುರಿ, ಪುಟಾಣಿ ಹಿಟ್ಟು, ಉಪ್ಪು, ಚೂರು ಸಕ್ಕರೆ ಬೆರೆಸಿದರೆ ಆಯಿತು. ಡಬ್ಬಿಯಲ್ಲಿಟ್ಟರೆ ಎರಡು ಮ್ಯಾಚ್‌ಗೆ ಬರುತ್ತದೆ. ಮಿರ್ಚಿ ಭಜಿ ಬೇಕೆಂದು ಹಟ ಹಿಡಿದವರಿಗೆ ಬಾಣಲೆ ತೋರಿಸಿ!

* ನಿಮಗೊಂದು ಜಾಗ ಇಟ್ಟುಕೊಳ್ಳಿ. ಹೊಸ್ತಿಲ ಹತ್ತಿರವಲ್ಲ, ಸೋಫಾದ ಮೇಲೆ. ಅದು ನಿಮ್ಮ 'ಲಕ್ಕಿ' ಜಾಗ ಎಂದು ಸಾರಿಬಿಡಿ. ನೇಮದ ಮಾತನ್ನು ನೇಮದಿಂದಲೇ ಗೆಲ್ಲಬೇಕು. "ನಾ ಎದ್ದರ ವಿಕೆಟ್ ಬೀಳ್ತದ ನೋಡ್ರಿ" ಅಂದರೆ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ.

* ನಂಬಿಕೆ ಇರಲಿ, ನಿಂದೆ ಬೇಡ. ಊದಿನಕಡ್ಡಿ, ಹಳೆ ಅಂಗಿ, ಕಾಯಿ ಎಲ್ಲ ಸಂಭ್ರಮಕ್ಕೆ ಇರಲಿ. ಆದರೆ ಸೋಲಿನ ಹೊಣೆಯನ್ನು ಮನೆಯ ಯಾರೊಬ್ಬರ ತಲೆಗೂ ಕಟ್ಟಬಾರದು, ಮಕ್ಕಳ ತಲೆಗಂತೂ ಬೇಡವೇ ಬೇಡ. ಚಿಕ್ಕ ಹುಡುಗಿಗೆ "ನಿನ್ನಿಂದ ಔಟಾದ" ಅಂದರೆ ನೀವು ನಕ್ಕು ಮರೆಯುತ್ತೀರಿ, ಅವಳು ಮರೆಯುವುದಿಲ್ಲ. ಯಾರಾದರೂ ಹಾಗಂದರೆ ಅಲ್ಲೇ, ನಗುತ್ತಲೇ ತಡೆಯಿರಿ.

* ಮೊಬೈಲ್ ಮೇಲೆ ಕಣ್ಣಿಡಿ. ಹಿಂದೆ ಹುಡುಗರು ಪಣ ಕಟ್ಟುತ್ತಿದ್ದದ್ದು ಒಂದು ಐಸ್‌ಕ್ಯಾಂಡಿಗೆ. ಈಗ ಮ್ಯಾಚ್ ಹೆಸರಿನಲ್ಲಿ ಬೆರಳ ತುದಿಯಲ್ಲೇ ದುಡ್ಡು ಹೋಗುತ್ತದೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಾಯ್ದೆ ಇದ್ದರೂ ಕಳ್ಳದಾರಿ ಇರುತ್ತದೆ. ಮಗ ಸ್ಕೋರು ನೋಡುವಾಗ ಖುಷಿಗಿಂತ ಭಯ ಜಾಸ್ತಿ ಕಂಡರೆ, ಸಾಲ ಕೇಳತೊಡಗಿದರೆ, ಮ್ಯಾಚ್ ಮುಗಿದ ಮೇಲೆ ಊಟ ಬಿಟ್ಟರೆ ಸುಮ್ಮನಿರಬೇಡಿ. ಬೈಯದೆ, ಒಬ್ಬನೇ ಇದ್ದಾಗ ಕೂರಿಸಿಕೊಂಡು ಮಾತಾಡಿ. ಗಂಡನಾದರೂ ಅಷ್ಟೇ.

* ಸಂಭ್ರಮಕ್ಕೂ ಒಂದು ಮಿತಿ ಕಲಿಸಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಕಪ್ ನೋಡಲು ಹೋದವರು ಮನೆಗೆ ಬರಲಿಲ್ಲ. ಮಕ್ಕಳು ಮೈದಾನಕ್ಕೆ ಹೋಗುವುದಾದರೆ ಜೊತೆಗೆ ದೊಡ್ಡವರಿರಲಿ, ಟಿಕೆಟ್ ಇಲ್ಲದೆ ಗೇಟಿನ ಹತ್ತಿರ ಹೋಗುವುದು ಬೇಡ, ಗುಂಪು ಒತ್ತತೊಡಗಿದರೆ ಮುಂದೆ ನುಗ್ಗದೆ ಬದಿಗೆ ಸರಿದು ಹೊರಬರಲು ಹೇಳಿ. ಅಭಿಮಾನ ಜೀವಕ್ಕಿಂತ ದೊಡ್ಡದಲ್ಲ.

* ಹೆಣ್ಣುಮಕ್ಕಳ ಮ್ಯಾಚ್‌ಗೂ ಅದೇ ಸಡಗರ ಮಾಡಿ. ಅದೇ ಊದಿನಕಡ್ಡಿ, ಅದೇ ಚುರಮುರಿ, ಅದೇ "ಏಳಬ್ಯಾಡ್ರಿ". ಮಗನನ್ನೂ ಪಕ್ಕಕ್ಕೆ ಕೂರಿಸಿಕೊಳ್ಳಿ. ಆಟಗಾರ್ತಿಯರ ಹೆಸರು ಅವನಿಗೂ ಬಾಯಿಪಾಠ ಆಗಲಿ.

* ಒಂದು ನೆನಪಿನ ಪುಸ್ತಕ ಇಡಿ. ಮನೆಯ ಹಿರಿಯರನ್ನು ಕೂರಿಸಿ ಕೇಳಿ: 1983ರಲ್ಲಿ ಎಲ್ಲಿದ್ದಿರಿ, ಯಾರ ಮನೆ ರೇಡಿಯೊ, ಯಾರು ಅತ್ತರು, ಯಾರು ಪೇಡೆ ಹಂಚಿದರು? ಒಂದೊಂದು ಪುಟ ಬರೆದಿಡಿ. ಸ್ಕೋರು ಎಲ್ಲಿ ಬೇಕಾದರೂ ಸಿಗುತ್ತದೆ. ನಿಮ್ಮ ಅತ್ತೆ ಗೆಲುವಿನ ಖುಷಿಗೆ ಹಾಲು ಉಕ್ಕಿಸಿದ್ದು ನೀವು ಬರೆಯದಿದ್ದರೆ ಎಲ್ಲೂ ಸಿಗುವುದಿಲ್ಲ.

ಫ್ಲ್ಯಾಟ್‌ಗಳಲ್ಲಿ ಈಗ ಓಣಿ ಇಲ್ಲ, ಜಮಖಾನೆಯೂ ಇಲ್ಲ. ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ ಒಂದೊಂದು ಮೊಬೈಲ್ ಹಿಡಿದು ಅದೇ ಮ್ಯಾಚ್ ನೋಡುತ್ತಾರೆ. ಒಬ್ಬರಿಗೆ ಔಟಾದವನು ಇನ್ನೊಬ್ಬರ ಮೊಬೈಲಿನಲ್ಲಿ ಇನ್ನೂ ಆಡುತ್ತಿರುತ್ತಾನೆ! ವರ್ಷಕ್ಕೆ ನಾಲ್ಕು ಮ್ಯಾಚನ್ನಾದರೂ ಎಲ್ಲರೂ ಒಂದೇ ಕಡೆ, ಒಂದೇ ಟಿ.ವಿ. ಮುಂದೆ ನೋಡುವ ನೇಮ ಹಾಕಿಕೊಳ್ಳಿ. ಪಕ್ಕದ ಮನೆಯವರನ್ನೂ ಕರೆಯಿರಿ. ಬೈಲಹೊಂಗಲದ ಪಡಸಾಲೆಯನ್ನು ಬೆಂಗಳೂರಿಗೆ ತರಲು ಅಷ್ಟು ಸಾಕು.

ಮುಂದಿನ ಮ್ಯಾಚ್‌ನಲ್ಲಿ ಕೊನೆಯ ಓವರಿಗೆ ಸರಿಯಾಗಿ ಯಾರಾದರೂ "ಒಂದ್ ಕಪ್ ಚಹಾ..." ಎಂದು ರಾಗ ಎಳೆದರೆ ಏನು ಹೇಳಬೇಕೆಂದು ಈಗ ನಿಮಗೆ ಗೊತ್ತಲ್ಲ? "ಇನ್ನ ಆರು ಬಾಲ್ ಅದಾವ, ತಡೀರಿ!"